ಇಳಿಸದೆ ಬಿಟ್ಟ ತೂಗುಗುಂಡು

ನನ್ನ ಗಂಡ ಸತ್ತಿದ್ದು ಗೋಡೆ ಕಟ್ಟುವ ಕೆಲಸದ ನಡುವೆ. ಕಂಡವರ ಗೋಡೆಯಲ್ಲ, ನಮ್ಮದೇ. ಬದುಕೆಲ್ಲ ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಅಂತ ತಿರುಗಿ ಊರವರಿಗೆ ಮನೆ ಕಟ್ಟಿಕೊಟ್ಟ ಗಾರೆಯವನು, ತನ್ನ ಮನೆಗೊಂದು ಕೋಣೆ ಸೇರಿಸಲು ತಲೆ ಬೆಳ್ಳಗಾಗುವ ತನಕ ಕಾದ. ಅದೂ ಮಗಳು ಬಸುರಿ ಅಂತ ಗೊತ್ತಾದ ಮೇಲೆ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬರಬೇಕು. ಬಂದರೆ ಬಾಣಂತಿ ಮಲಗಲು ಬಾಗಿಲಿರುವ ಕೋಣೆ ಬೇಕು. ನಮ್ಮದು ಜವನಗೊಂಡನಹಳ್ಳಿಯಿಂದ ಸ್ವಲ್ಪ ಒಳಗೆ, ಹೆದ್ದಾರಿಯ ಲಾರಿ ಸದ್ದು ಕೇಳಿಸುವಷ್ಟು ದೂರದಲ್ಲಿರುವ ಮನೆ. ಒಂದು ಪಡಸಾಲೆ, ಒಂದು ಅಡಿಗೆಮನೆ, ಅಷ್ಟೇ. ಪಡಸಾಲೆಯಲ್ಲಿ ಮಗ ಮಲಗುತ್ತಿದ್ದ. ಅವನು ಹಿರಿಯೂರಿನಲ್ಲಿ ಲಗೇಜ್ ಆಟೋ ಓಡಿಸುತ್ತಾನೆ.

ಹಿತ್ತಿಲ ಕಡೆ ಕೋಣೆಗೆ ಪಾಯ ಹಾಕಿದೆವು. ಆತ ಕಟ್ಟುವುದು, ನಾನು ಕಲಸಿ ಹೊತ್ತು ಕೊಡುವುದು. ಮದುವೆಯಾದಾಗಿನಿಂದ ಅದೇ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆದರೆ ತಲೆಯ ಮೇಲೆ ಗಾರೆ ಬಾಂಡ್ಲಿ ಹೊತ್ತು ಏಣಿ ಹತ್ತಿದವಳಿಗೆ ನೆಟ್ಟಗೆ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕತ್ತು ಒಂದು ಚೂರು ಆಚೆ ಹೋದರೆ ಗಾರೆ ಮೈಮೇಲೆ ಬೀಳುತ್ತದೆ.

ಮೂರು ಗೋಡೆ ಮೇಲೆ ಬಂದಿದ್ದವು. ಹಿತ್ತಿಲ ಕಡೆಯ ಗೋಡೆ ಮಾತ್ರ ನನ್ನ ಎದೆಮಟ್ಟಕ್ಕೆ ನಿಂತಿತ್ತು. ಅದರ ಹೊರಮೈಗೆ ಸಾರುವೆ ಕಟ್ಟಿದ್ದ. ಸಾರುವೆ ಅಂದರೆ ಗಾರೆಯವರು ನಿಂತು ಕೆಲಸ ಮಾಡಲು ಬಿದಿರು ಗಳ ಕಟ್ಟಿ ಮಾಡುವ ಅಟ್ಟ. ಅವತ್ತು ಬೆಳಿಗ್ಗೆ ಸಾರುವೆಯ ಮೇಲಿನ ಅಡ್ಡಗಳಕ್ಕೆ ದಾರ ಬಿಗಿದು, ಗೋಡೆ ನೆಟ್ಟಗಿದೆಯಾ ಅಂತ ನೋಡುವ, ಕೆಳಗೆ ಮೊನೆಯಿರುವ ಹಿತ್ತಾಳೆಯ ತೂಗುಗುಂಡನ್ನು ಕೆಳಗೆ ಇಳಿಬಿಟ್ಟ. ಗುಂಡು ಆ ಕಡೆ ಈ ಕಡೆ ತೂಗಾಡುತ್ತಿತ್ತು. ಅದು ನಿಲ್ಲುವ ತನಕ ಗೋಡೆಗೆ ಕೈ ಹಚ್ಚುವ ಹಾಗಿಲ್ಲ.

"ಗುಂಡು ನಿಲ್ಲಲಿ. ಅಷ್ಟರಾಗೆ ಎಲೆಅಡಿಕೆ ಹಾಕ್ಕಂಡು ಬರ್ತೀನಿ" ಅಂದ.

ಬೇವಿನ ಮರದ ಕೆಳಗೆ ಮರಳಿನ ಗುಡ್ಡೆ ಇತ್ತು. ಅದರ ಮೇಲೆ ಹೋಗಿ ಕೂತ. ನಾನು ಸಿಮೆಂಟು ಕಲಸಿ ಮುಗಿಸಿದೆ. ಕಲಸಿದ್ದು ಗಟ್ಟಿಯಾಗುತ್ತೆ, ಏಳ್ರಿ ಅಂತ ಕೂಗಿದೆ. ಮಾತಿಲ್ಲ. ಆತನಿಗೆ ಬೇಕಾದಾಗ ಮಾತ್ರ ಕಿವಿ ಕೇಳುತ್ತಿತ್ತು, ಅದು ನನಗೆ ಹೊಸದಲ್ಲ. ಬೈದುಕೊಂಡೇ ಹತ್ತಿರ ಹೋಗಿ ಹೆಗಲು ಅಲ್ಲಾಡಿಸಿದೆ. ನೆಟ್ಟಗೆ ಕೂತಿದ್ದ ಮನುಷ್ಯ ಪಕ್ಕಕ್ಕೆ ವಾಲಿದ. ಎಲೆ ಇನ್ನೂ ಕೈಯಲ್ಲೇ ಇತ್ತು, ಸುಣ್ಣ ಸವರಿದ್ದ ಹಾಗೇ.

ಜನ ಸೇರಿದರು, ಅತ್ತರು, ಎತ್ತಿದರು. ಆ ಗದ್ದಲದಲ್ಲಿ ನಾನು ಒಂದು ಸಲ ಗೋಡೆ ಕಡೆ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಗುಂಡು ನಿಂತಿತ್ತು.

ಆತನನ್ನು ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಬಾಂಡ್ಲಿಯಲ್ಲಿ ಕಲಸಿಟ್ಟ ಗಾರೆ ಕಲ್ಲಾಗಿತ್ತು. ಅದನ್ನು ಬಾಂಡ್ಲಿ ಸಮೇತ ಎಸೆದೆ. ಕರಣೆ, ಮಟ್ಟ ನೋಡುವ ರಸಮಟ್ಟ, ಸುತ್ತಿಗೆ ಎಲ್ಲ ಚೀಲಕ್ಕೆ ತುಂಬಿ ಅಟ್ಟದ ಮೇಲೆ ಹಾಕಿದೆ. ಗುಂಡನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನಮ್ಮ ಕಡೆ ಗಾರೆಯವರಲ್ಲಿ ಒಂದು ನೇಮ ಇದೆ. ಗೋಡೆಗೆ ಗುಂಡು ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಬೇರೆ ಕೈ ಬಿಚ್ಚಿದರೆ ಆ ಗೋಡೆ ಆ ಮನೆಯಲ್ಲಾಗಲಿ ಬಿಚ್ಚಿದವರ ಮನೆಯಲ್ಲಾಗಲಿ ಒಂದು ಜೀವ ಕೇಳುತ್ತದೆ ಅಂತ ಮಾತು. ಅದಕ್ಕೇ ಗಾರೆಯವನು ಊಟಕ್ಕೆ ಹೋಗುವಾಗಲೂ ಗುಂಡು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಖಾಲಿ ತೊಟ್ಟಿಲು ತೂಗಬಾರದು ಅಂತಾರಲ್ಲ, ಹಾಗೆ ಕೆಲಸವಿಲ್ಲದೆ ಗುಂಡು ನೇತಾಡಬಾರದು. ಆತ ಎಲೆ ಹಾಕಿಕೊಂಡು ಬರುವಷ್ಟು ಹೊತ್ತಿಗೆ ಅಂತ ಬಿಟ್ಟು ಹೋಗಿದ್ದ. ಅದು ಅಲ್ಲೇ ಉಳಿಯಿತು.

ಆತನಿಗೆ ಆ ಗುಂಡಿನ ಹುಚ್ಚು ವಿಪರೀತ ಇತ್ತು. ಒಂದು ಸಲ ನಾವಿಬ್ಬರೂ ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು, ಮದುವೆಯಾದ ಹೊಸದರಲ್ಲಿ. ಬೇರೆ ಗಂಡಂದಿರು ಹೆಂಡತಿಗೆ ಕಡಲೆಕಾಯಿ ಕೊಡಿಸುತ್ತಿದ್ದರು. ಇವನು ಜೇಬಿನಿಂದ ಗುಂಡು ತೆಗೆದು ಕೋಟೆ ಗೋಡೆಗೆ ಹಿಡಿದ. ಗೋಡೆ ಒಳಕ್ಕೆ ವಾಲಿದೆ ಅಂತ ತೋರಿಸಿದ. ಬೇಕಂತಲೇ ಹಾಗೆ ಕಟ್ಟಿದಾರೆ, ಹೊರಗಿನಿಂದ ತಳ್ಳಿದರೆ ಬೀಳಬಾರದು ಅಂತ, ಅಂದ. ಅಲ್ಲಿಂದ ಚಂದ್ರವಳ್ಳಿಗೆ ಇಳಿದೆವು. ಅಲ್ಲಿ ಒಂದರ ಮೇಲೊಂದು ಬಿದ್ದಿರುವ ಬಂಡೆಗಳಿಗೆ ಯಾಕೆ ಗುಂಡು ಹಿಡಿಯಲ್ಲ ಅಂತ ನಾನು ಚೇಷ್ಟೆಗೆ ಕೇಳಿದೆ.

"ಬಂಡೆಗೆ ಗುಂಡು ಬ್ಯಾಡ ಕಣೆ. ಅದು ಬೀಳೋದೆಲ್ಲ ಬಿದ್ದು ಮುಗಿಸೈತೆ. ಇನ್ನೂ ಬೀಳೋದು ಬಾಕಿ ಇರೋದಕ್ಕೆ ಗುಂಡು ಬೇಕು."

ಆಗ ನಕ್ಕಿದ್ದೆ. ಇನ್ನೊಂದು ಮಾತನ್ನೂ ಹೇಳುತ್ತಿದ್ದ. ಗುಂಡು ಎಲ್ಲಿ ಕಟ್ಟಿದರೂ ಅದು ಭೂಮಿಯ ಹೊಟ್ಟೆ ಕಡೆಗೇ ನೋಡುತ್ತದಂತೆ. ಹೊಸದುರ್ಗದಲ್ಲಿ ಒಂದು, ಧರ್ಮಪುರದಲ್ಲಿ ಒಂದು ಕಟ್ಟಿದರೂ ಎರಡರ ದಾರ ಕೆಳಕ್ಕೆ ಬೆಳೆಸುತ್ತಾ ಹೋದರೆ ಭೂಮಿಯೊಳಗೆ ಒಂದೇ ಕಡೆ ಸೇರುತ್ತವಂತೆ. ಆತ ಇದ್ದಾಗ ಅದು ಬರೀ ಮಾತು. ಆತನನ್ನು ಮಣ್ಣಿನೊಳಗೆ ಇಟ್ಟು ಬಂದ ಮೇಲೆ, ಹಿತ್ತಿಲಲ್ಲಿ ಪಾತ್ರೆ ತಿಕ್ಕಲು ಕೂತಾಗಲೆಲ್ಲ ಆ ಗುಂಡಿನ ಮೊನೆ ನೆಲದ ಕಡೆ ನೋಡುತ್ತಿರುವುದು ಕಾಣುತ್ತಿತ್ತು. ಬೇರೆ ಎಲ್ಲೂ ನೋಡುತ್ತಿರಲಿಲ್ಲ.

ನಾನು ದೆವ್ವ ಪಿಶಾಚಿ ನಂಬುವವಳಲ್ಲ. ಹೆದ್ದಾರಿಯಲ್ಲಿ ಭಾರದ ಲಾರಿ ಹೋದಾಗ ನಮ್ಮ ನೆಲ ಸಣ್ಣಗೆ ನಡುಗುತ್ತದೆ, ಆಗ ಗುಂಡೂ ನಡುಗಿ ಗೋಡೆಗೆ ಟಕ್ ಅಂತ ತಾಗುತ್ತಿತ್ತು. ಲಾರಿ ಅಂತ ಹೇಳಿಕೊಂಡು ನನ್ನ ಕೆಲಸ ನಾನು ಮಾಡುತ್ತಿದ್ದೆ. ಕೆಲವು ಮಧ್ಯಾಹ್ನ ಲಾರಿ ಸದ್ದಿಲ್ಲದೆಯೂ ಟಕ್ ಅನ್ನುತ್ತಿತ್ತು. ದೂರದ ಲಾರಿ ಇರಬೇಕು ಅಂದುಕೊಳ್ಳುತ್ತಿದ್ದೆ. ಆಷಾಢದ ಗಾಳಿ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಲ್ಲ, ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದೇ ಸಮ ತಿರುಗುತ್ತವೆ. ಒಗೆದ ಬಟ್ಟೆ ಹಾರಿತು, ಕೋಳಿಗೂಡಿನ ತಗಡು ಹಾರಿತು, ಬೇವಿನ ಕೊಂಬೆ ಮುರಿಯಿತು. ಗುಂಡು ಮಾತ್ರ ಅಲ್ಲಾಡಲಿಲ್ಲ. ಹಿತ್ತಾಳೆ ಭಾರ, ದಾರ ಸಣ್ಣದು, ಗಾಳಿಗೆ ಹಿಡಿಯಲು ಏನೂ ಸಿಗುವುದಿಲ್ಲ ಅಂತ ನನಗೆ ನಾನೇ ಹೇಳಿದೆ. ಹೇಳಿ ಒಳಗೆ ಬಂದು ಹಿತ್ತಿಲ ಬಾಗಿಲು ಹಾಕಿಕೊಂಡೆ. ಪಾತ್ರೆ ಮುಂದಿನ ಬಾಗಿಲಲ್ಲಿ ತಿಕ್ಕಿದೆ.

ಮಗಳಿಗೆ ತಿಂಗಳು ಏರುತ್ತಿತ್ತು. ಕೋಣೆ ಮುಗಿಸಬೇಕಿತ್ತು. ಮಗ ಹಿರಿಯೂರಿನಿಂದ ಗಾರೆಯವರನ್ನು ಕರೆತಂದ. ಅವರು ಹಿತ್ತಿಲಿಗೆ ಹೋಗಿ ದಾರ ನೋಡಿದರು, ಯಾರು ಕಟ್ಟಿದ್ದು ಅಂತ ಕೇಳಿದರು, ನಾಳೆ ಬರ್ತೀವಿ ಅಂದರು. ಆ ನಾಳೆ ಬರಲೇ ಇಲ್ಲ. ಆಮೇಲೆ ಬಂದವನು ಹೊಸ ಕಾಲದ ಹುಡುಗ. ಅವನ ಹತ್ತಿರ ಗೋಡೆಗೆ ಕೆಂಪು ಬೆಳಕಿನ ಗೆರೆ ಬಿಡುವ ಡಬ್ಬಿ ಇತ್ತು. ನಿಮ್ಮ ದಾರ ಗೀರ ನನಗೆ ಬೇಕಿಲ್ಲ, ಬೆಳಕೇ ನೆಟ್ಟಗೆ ನಿಲ್ಲುತ್ತೆ ಅಂದ. ಸರಿಯಪ್ಪ, ಹಾಗಾದರೆ ಆ ದಾರ ಬಿಚ್ಚಿ ಪಕ್ಕಕ್ಕಿಟ್ಟು ಕೆಲಸ ಶುರು ಮಾಡು ಅಂದೆ.

"ಅದನ್ನ ನೀವೇ ಬಿಚ್ಚಿಕೊಡ್ರಿ ಅಜ್ಜಿ. ನಂಗೂ ಹೆಂಡ್ರು ಮಕ್ಳು ಅದಾರೆ" ಅಂದು ಡಬ್ಬಿ ಚೀಲಕ್ಕೆ ಹಾಕಿಕೊಂಡ. ಬೆಳಕಿನ ಗೆರೆ ಬಂದರೂ ಭಯ ಹಳೆಯದೇ.

ಅಷ್ಟರಲ್ಲಿ ನಮ್ಮ ಬೀಗಿತ್ತಿ ಬಂದಳು, ಮಗಳ ಅತ್ತೆ. ಅವರದು ಹೊಳಲ್ಕೆರೆ ಕಡೆಯ ಹಳ್ಳಿ. ಕೆಟ್ಟವಳಲ್ಲ, ಆದರೆ ಕಣ್ಣು ಚುರುಕು. ಕಾಫಿ ಕುಡಿದು, ಕೈ ತೊಳೆಯಲು ಅಂತ ಹಿತ್ತಿಲಿಗೆ ಹೋದವಳು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಗುಂಡಿನ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾಳೆ.

"ತಪ್ಪು ತಿಳ್ಕಬ್ಯಾಡ್ರಿ ಬೀಗಿತ್ತಿ. ಇದು ತೂಗೋ ಮನೆಗೆ ಬಸುರಿ ಕಳಸಲ್ಲ. ಹೆರಿಗೆ ನಮ್ಮನ್ಯಾಗೇ ಆಗ್ಲಿ."

ಹಾಗಾದರೆ ಬಿಚ್ಚಿಸಿಬಿಡುತ್ತೇನೆ ಅಂದೆ. ಬೇರೆಯವರು ಬಿಚ್ಚಿದ ಮನೆಗಂತೂ ಮೊದಲೇ ಕಳಿಸಲ್ಲ ಅಂದಳು. ಇಳಿಸಿದರೂ ಇಲ್ಲ, ಇಳಿಸದಿದ್ದರೂ ಇಲ್ಲ. ಮಗಳು ಫೋನಿನಲ್ಲಿ ಏನೂ ಕೇಳಲಿಲ್ಲ. ಕೋಣೆ ಎಷ್ಟಕ್ಕೆ ಬಂತವ್ವ ಅಂತ ಮಾತ್ರ ಕೇಳಿದಳು. ಎದೆಮಟ್ಟ ಅಂದೆ. ಹೋದ ತಿಂಗಳೂ ಅದನ್ನೇ ಹೇಳಿದ್ದೆ. ಅವಳ ಮೂಗು ಎಳೆದ ಸದ್ದು ಕೇಳಿಸಿತು. ಅಪ್ಪನ ಮುಖ ಕೊನೆಗೆ ನೋಡಲು ಬಂದು ಹೋದವಳು, ಆಮೇಲೆ ತವರಿಗೆ ಬಂದಿರಲಿಲ್ಲ.

ಆ ಮಧ್ಯಾಹ್ನ ಏಣಿ ತಂದು ಸಾರುವೆಗೆ ಒರಗಿಸಿದೆ. ಯಾರೂ ಇರಲಿಲ್ಲ. ಬಿಚ್ಚಿ ಬಾವಿಗೆ ಎಸೆದರೆ ಯಾರಿಗೆ ಗೊತ್ತಾಗುತ್ತೆ ಅಂತ. ಮೇಲೆ ಹತ್ತಿ ಗಂಟಿಗೆ ಕೈ ಹಾಕಿದೆ. ದಾರ ಬಿಗಿಯಾಗಿತ್ತು. ಗುಂಡಿನ ಭಾರಕ್ಕಿಂತ ಬಿಗಿ. ಕೆಳಗೆ ಯಾರೋ ಹಿಡಿದು ಜಗ್ಗಿದ ಹಾಗೆ. ಬೆರಳು ತಾಗಿದ್ದಕ್ಕೆ ದಾರ ಝುಮ್ ಅಂದಿತು, ಆ ಝುಮ್ ನನ್ನ ಮೊಣಕೈ ತನಕ ಬಂತು. ಕೆಳಗೆ ನೋಡಿದೆ. ಗುಂಡು ಒಂಟಿಯಾಗಿ ನೆಲದಿಂದ ಗೇಣೆತ್ತರದಲ್ಲಿ ನಿಂತಿತ್ತು. ಯಾರೂ ಹಿಡಿದಿರಲಿಲ್ಲ.

ಇಳಿದು ಬಂದೆ. ನನ್ನ ಮೇಲೆ ಗೋಡೆ ಬೀಳುವುದಾದರೆ ಬೀಳಲಿ, ನನಗೆ ವಯಸ್ಸಾಗಿದೆ. ಮಗಳ ಮೇಲೆ ಬಿದ್ದರೆ? ನಂಬುವುದು ಬೇರೆ, ಪರೀಕ್ಷೆ ಮಾಡಿ ನೋಡುವುದು ಬೇರೆ. ಪರೀಕ್ಷೆಗೆ ಒಡ್ಡಲು ನನ್ನ ಹತ್ತಿರ ಇನ್ನೊಬ್ಬ ಮಗಳಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ನನ್ನ ಗಂಡನಿಗೆ ಕೆಲಸ ಕಲಿಸಿದ ಸಾಬರ ಮೇಸ್ತ್ರಿ ಅಲ್ಲಿ ಹಳೇ ಊರಿನ ಓಣಿಯಲ್ಲಿದ್ದಾರೆ. ಅವರ ತಾತ ಮುತ್ತಾತಂದಿರೆಲ್ಲ ಅದೇ ಓಣಿಯಲ್ಲಿದ್ದು ಅದೇ ಕೆಲಸ ಮಾಡಿದವರು. ಈಗ ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದಾರೆ. ನನ್ನನ್ನು ನೋಡಿ ಬಾರಮ್ಮ, ಕುಂತ್ಕ ಅಂದರು. ಆತ ಸತ್ತ ಸುದ್ದಿ ಗೊತ್ತಿತ್ತು, ಗುಂಡಿನ ಸುದ್ದಿ ಗೊತ್ತಿರಲಿಲ್ಲ. ಎಲ್ಲ ಹೇಳಿದೆ. ಅವರು ಗಡ್ಡ ಸವರಿಕೊಂಡರು.

"ಕಟ್ಟಿದ ಕೈ ಬಿಚ್ಚಬೇಕು, ನಿಜ. ಆ ಕೈ ಇಲ್ಲದಿದ್ರೆ ಗೋಡೆ ಬಿಚ್ಚಬೇಕು" ಅಂದರು.

"ಗೋಡೆಗೆ ಕೈ ಎಲ್ಲೈತಣ್ಣ?"

"ಕಟ್ತಾ ಕಟ್ತಾ ಗೋಡೆ ಮೇಲಕ್ಕೆ ಹೋಗಿ ಗಂಟು ಮುಟ್ತೈತಲ್ಲ, ಆವಾಗ ಕೆಲಸ ಮುಗೀತು. ಕೆಲಸ ಮುಗಿದ ಗುಂಡನ್ನ ಯಾರು ಬಿಚ್ಚಿದ್ರೂ ಒಂದೇ. ಅವನು ಕಟ್ಟಿದ ದಾರಕ್ಕೇ ಗೋಡೆ ಎಬ್ಬಿಸಬೇಕು, ಅಷ್ಟೆಯ."

ಯಾರು ಎಬ್ಬಿಸುತ್ತಾರೆ ಅಂದೆ. ಅವರು ತಮ್ಮ ನಡುಗುವ ಕೈ ನೋಡಿಕೊಂಡರು. ಊಟ ಗೀಟ ಹಾಕ್ತೀಯೇನಮ್ಮ ಅಂತ ಕೇಳಿದರು. ಮುದ್ದೆ ಹಾಕುತ್ತೇನೆ ಅಂದೆ. ಹಂಗಾದ್ರೆ ಹೋಗಾಣ ಅಂದರು.

ಬಂದವರು ಗುಂಡಿನ ಮುಂದೆ ನಿಂತು ಮೊದಲು ಸಲಾಂ ಮಾಡಿದರು. ಆಮೇಲೆ ಗೋಡೆಗೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದರು. ಹುಬ್ಬು ಗಂಟಾಯಿತು. ಮಳೆಗೆ ಸಾರುವೆಯ ಕಾಲು ಮಣ್ಣಿನಲ್ಲಿ ಇಳಿದು, ಗಳ ಹೊರಕ್ಕೆ ಸರಿದಿತ್ತು. ಗಳದ ಜೊತೆ ದಾರವೂ ಸರಿದಿತ್ತು. ಎರಡು ಬೆರಳಿನಷ್ಟು. ಗುಂಡು ಯಾವಾಗಲೂ ನೆಟ್ಟಗೇ ನಿಲ್ಲುತ್ತೆ, ಅದರಲ್ಲಿ ಮೋಸವಿಲ್ಲ. ಆದರೆ ಕಟ್ಟಿದ ಜಾಗವೇ ಸರಿದರೆ ಅದು ಸರಿದ ಜಾಗದಲ್ಲಿ ನೆಟ್ಟಗೆ ನಿಲ್ಲುತ್ತೆ. ಗಳ ಸರಿದಾಗ ಅದು ಒಂದು ಮಾತೂ ಆಡಲಿಲ್ಲ.

ದಾರಕ್ಕೆ ಸರಿಯಾಗಿ ಕಟ್ಟಿದರೆ ಮೇಲಿನ ಗೋಡೆ ಕೆಳಗಿನದಕ್ಕಿಂತ ಎರಡು ಬೆರಳು ಹೊರಗೆ ಹೋಗುತ್ತೆ. ಗಳವನ್ನು ಒಳಕ್ಕೆ ತಳ್ಳೋಣ ಅಂದ ಮಗ. ಗಳ ತಳ್ಳಿದರೆ ಗುಂಡು ಮುಟ್ಟಿದ ಹಾಗೆಯೇ ಅಂದರು ಮೇಸ್ತ್ರಿ. ಹಾಗಾದರೆ ಕೆಳಗಿನ ಗೋಡೆ ಒಡೆದು ದಾರಕ್ಕೆ ಸರಿಯಾಗಿ ಹೊಸದಾಗಿ ಎಬ್ಬಿಸೋಣ ಅಂದ. ಅದು ನಿಮ್ಮಪ್ಪ ಕಟ್ಟಿದ ಕೊನೆಯ ಗೋಡೆ, ಒಡೆಯುವುದಾದರೆ ನನ್ನನ್ನು ಕೇಳಬೇಡ, ನಿನ್ನ ತಂಗಿಗೆ ಫೋನ್ ಮಾಡಿ ಕೇಳು ಅಂದೆ. ಅವನು ಫೋನ್ ಮಾಡಲಿಲ್ಲ.

"ಸೊಟ್ಟ ಬರ್ತೈತವ್ವ. ನೋಡಿದೋರು ನಗ್ತಾರೆ" ಅಂದ.

"ನಕ್ಕರೆ ಹಲ್ಲು ಕಾಣ್ತಾವೆ. ಇಟ್ಟಿಗೆ ಎತ್ಕೊಡು."

ಮೇಸ್ತ್ರಿ ಪಡಸಾಲೆಯಲ್ಲಿ ಮಲಗಿದರು. ಬೆಳಿಗ್ಗೆ ತಣ್ಣಗಿರುವಾಗ ಕಟ್ಟುತ್ತಿದ್ದರು. ಅವರ ಕೈ ನಡುಗಿ ಗಾರೆ ಚೆಲ್ಲುತ್ತಿತ್ತು, ಆದರೆ ಇಟ್ಟಿಗೆ ದಾರದ ಹತ್ತಿರ ಹೋದ ಮೇಲೆ ನಡುಕ ನಿಲ್ಲುತ್ತಿತ್ತು. ನಾನು ಹೊಸ ಬಾಂಡ್ಲಿ ತಂದು ಕಲಸಿ ಹೊತ್ತೆ. ನನ್ನ ಗಂಡನಾದರೆ ಬಾಂಡ್ಲಿ ಕೊಡುವಾಗ ಮುಖ ನೋಡದೆ ಕೈ ಚಾಚುತ್ತಿದ್ದ. ಇವರು ತಿರುಗಿ ನೋಡಿ ತಗೊಳ್ಳುತ್ತಿದ್ದರು. ಹಳೆಯ ರೂಢಿಗೇ ಇರಬೇಕು, ಒಂದೊಂದು ಸಲ ಮೇಸ್ತ್ರಿ ತಿರುಗುವ ಮೊದಲೇ ಬಾಂಡ್ಲಿಯ ಭಾರ ನನ್ನ ಕೈಯಿಂದ ಹೋದ ಹಾಗೆ ಆಗುತ್ತಿತ್ತು. ಬಿದ್ದೇಹೋಯಿತು ಅಂತ ನೋಡಿದರೆ ಬಾಂಡ್ಲಿ ನನ್ನ ಕೈಯಲ್ಲೇ ಇರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುದುಕಿಗೆ ಬಿಸಿಲು ಹೊಡೆದಿದೆ ಅನ್ನುತ್ತಿದ್ದರು. ಹೊಡೆದಿತ್ತೋ ಏನೋ.

ಗೋಡೆ ಮೇಲೆ ಹೋದಷ್ಟೂ ಇಟ್ಟಿಗೆ ಗಂಟಿನ ಹತ್ತಿರ ಬಂದಿತು. ಗುಂಡು ಟಕ್ ಅನ್ನುವುದು ನಿಂತಿತು. ಲಾರಿ ಹೋದರೂ ಅನ್ನಲಿಲ್ಲ. ಗಳ ಸರಿದು ಗುಂಡು ಗೋಡೆಯಿಂದ ದೂರ ಹೋಗಿದೆ, ಅದಕ್ಕೆ ತಾಗುತ್ತಿಲ್ಲ ಅಂದ ಮಗ. ಇರಬಹುದು. ಗಳ ಸರಿದದ್ದು ಮಳೆಗೆ. ಟಕ್ ನಿಂತದ್ದು ಕೆಲಸ ಶುರುವಾದ ದಿನ.

ಕೊನೆಯ ಸಾಲಿನ ಇಟ್ಟಿಗೆ ಇಟ್ಟಾಗ ಗೋಡೆಯ ತಲೆ ಗಂಟಿಗೆ ಸಮ ಬಂತು. ಮೇಸ್ತ್ರಿ ಕೆಳಗಿಳಿದು, ಹೋಗಮ್ಮ, ಈಗ ಬಿಚ್ಚು ಅಂದರು. ಮಗ ತಾನು ಹೋಗ್ತೀನಿ ಅಂದ. ನೀನು ಏಣಿ ಹಿಡಿ ಅಂದೆ. ಗಂಟು ಮಳೆಗೆ ಬಿಗಿದು ಕಲ್ಲಾಗಿತ್ತು. ಉಗುರಿಗೆ ಬರಲಿಲ್ಲ, ಹಲ್ಲು ಹಾಕಿ ಎಳೆದೆ. ಬಾಯಿಗೆ ಸಿಮೆಂಟಿನ ರುಚಿ, ಆಮೇಲೆ ಎಲೆಅಡಿಕೆಯ ಸುಣ್ಣದ ರುಚಿ. ದಾರ ಸಡಿಲವಾಯಿತು. ಬಿಗಿಯೆಲ್ಲ ಹೋಯಿತು, ಕೆಳಗೆ ಹಿಡಿದಿದ್ದವರು ಬಿಟ್ಟ ಹಾಗೆ. ಗುಂಡು ಕೈಗೆ ಬಂದಾಗ ಅಂಥಾ ಭಾರವೇನೂ ಇರಲಿಲ್ಲ. ಒಂದು ದಪ್ಪ ಈರುಳ್ಳಿಯಷ್ಟು.

ಮೇಲೆ ಶೀಟು ಹಾಕಿಸಿದೆವು. ಒಳಗೋಡೆಯಲ್ಲಿ ಎದೆಮಟ್ಟಕ್ಕೆ ಉದ್ದಕ್ಕೂ ಎರಡು ಬೆರಳಿನ ಅಂಚು ಉಳಿಯಿತು. ಅದರ ಕೆಳಗೆ ಆತನ ಗೋಡೆ, ಮೇಲೆ ನಮ್ಮದು. ಬೀಗಿತ್ತಿ ಮಗಳನ್ನು ಬಿಡುವ ಮೊದಲು ತಾನೇ ಬಂದು ನೋಡಿದಳು. ಹಿತ್ತಿಲಿಗೆ ಹೋದಳು, ಗುಂಡಿಲ್ಲ. ಗೋಡೆ ಗಂಟು ಮುಟ್ಟಿದ ಮೇಲೆ ಬಿಚ್ಚಿದ್ದು ಅಂದೆ. ಒಳಗೆ ಬಂದು ಅಂಚಿನ ಮೇಲೆ ಬೆರಳು ಎಳೆದಳು. ಇದೇನು ಹಿಂಗೈತೆ ಅಂತ ಕೇಳಿದಳು. ಬಾಚಣಿಗೆ, ಕುಂಕುಮದ ಡಬ್ಬಿ ಇಡಲು ಅಂದೆ. ಅವಳು ನನ್ನ ಮುಖ ನೋಡಿದಳು. ಅಂಚಿನ ಕೆಳಗಿನದು ಯಾರ ಗೋಡೆ ಅನ್ನುವುದು ಅವಳಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಎಲೆಅಡಿಕೆ ತಟ್ಟೆ ಕೇಳಿ, ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಅದನ್ನು ಅಂಚಿನ ಮೇಲೆ ಇಟ್ಟಳು. ಶುಕ್ರವಾರ ಕಳಿಸ್ತೀನಿ ಅಂದಳು.

ಮಗಳು ಬಂದಳು. ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಕೂಸು ತಗೊಂಡು ಆ ಕೋಣೆಗೇ ಬಂದಳು. ಹೆಣ್ಣು ಕೂಸು. ಈಗ ಅಂಗನವಾಡಿಗೆ ಹೋಗುತ್ತೆ, ರಜಕ್ಕೆ ಬಂದರೆ ಮನೆಯೆಲ್ಲ ಕಿತ್ತು ಹಾಕುತ್ತೆ. ಗೋಡೆ ಬಿದ್ದಿಲ್ಲ.

ಗುಂಡು ಅಂಚಿನ ಮೇಲೆ ಇರುತ್ತೆ. ಜೋಪಾನಕ್ಕೆ ಇಟ್ಟದ್ದಲ್ಲ, ಬೇರೆ ಜಾಗ ಇಲ್ಲ. ಅದು ಅಡ್ಡಡ್ಡ ಮಲಗುತ್ತೆ, ಮೊನೆ ಈಗ ನೆಲ ನೋಡುವುದಿಲ್ಲ. ನಾನು ಅದನ್ನು ಬಾಗಿಲ ಕಡೆ ಇಡುತ್ತೇನೆ. ಮಗಳೂ ಕೂಸೂ ಬಂದು ಮಲಗಿದ ದಿನಗಳಲ್ಲಿ, ಬೆಳಿಗ್ಗೆ ಹೋಗಿ ನೋಡಿದರೆ ಅವರು ಮಲಗುವ ಕಡೆಗೆ ಉರುಳಿರುತ್ತೆ. ಮಗಳು ತಾನು ಮುಟ್ಟಿಲ್ಲ ಅಂತಾಳೆ. ಕೂಸಿಗೆ ಅಂಚು ಎಟುಕುವುದಿಲ್ಲ. ಮೇಸ್ತ್ರಿ ಅಂಚಿಗೆ ಮಟ್ಟ ಹಿಡಿದಿರಲಿಕ್ಕಿಲ್ಲ, ಆ ಕಡೆ ಇಳಿಜಾರು ಇರಬೇಕು. ಅಟ್ಟದ ಚೀಲದಲ್ಲಿ ರಸಮಟ್ಟ ಇದೆ. ಇಟ್ಟು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.

ಇಟ್ಟು ನೋಡಿಲ್ಲ. ಗುಂಡನ್ನು ಎತ್ತಿ ಮತ್ತೆ ಬಾಗಿಲ ಕಡೆ ಇಟ್ಟು, ಕಾಫಿಗೆ ನೀರಿಡಲು ಹೋಗುತ್ತೇನೆ.